ಪ್ರೋ-ಆಮ್ ದಿನ ಯಾರ ಹಿಂದೆ ನಡೆಯಬೇಕು: ನನ್ನ ಅನುಭವ

ಪ್ರೋ-ಆಮ್, ಅಂದ್ರೆ ವೃತ್ತಿಪರ ಗಾಲ್ಫ್ ಆಟಗಾರರು (ಪ್ರೋ) ಹವ್ಯಾಸಿಗಳ (ಅಮೆಚೂರ್) ಜೊತೆ ಆಡೋ ಆಟ, ನೋಡೋಕೆ ಹೋಗ್ತೀನಿ ಅಂದಾಗಲೆಲ್ಲ ಗೆಳೆಯರು ನಗುತ್ತಿದ್ದರು. "ದುಡ್ಡಿರೋರು ಚೆಂಡನ್ನ ಪೊದೆಗೆ ಹೊಡೆಯೋದು ನೋಡೋಕೆ ಟಿಕೆಟ್ ಬೇರೆ ಕೇಡು" ಅಂತ. ಎರಡು ಸಲ ಅವರ ಮಾತೇ ನಿಜವಾಯಿತು. ಮೂರನೇ ಸಲ ಕೈಗೂಡಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಎಲ್ಲರ ಹಾಗೆ ದೊಡ್ಡ ಹೆಸರಿನ ಆಟಗಾರನ ಬೆನ್ನು ಹತ್ತಿದೆ. ಪೂರ್ತಿ ಸುತ್ತು, ಅಂದ್ರೆ ಹದಿನೆಂಟು ಹೋಲ್ ನಡೆದು ನೋಡಿದ್ದು ಮುಂದಿದ್ದವರ ಟೋಪಿಗಳನ್ನ. ಸ್ವಿಂಗ್ ಪೂರ್ತಿ ಕಂಡಿದ್ದು ನಾಲ್ಕೈದು ಸಲ ಇರಬಹುದು. ಶೂ ಬೇರೆ ಹೊಸದು, ಒಂಬತ್ತನೇ ಹೋಲ್‌ಗೇ ಹಿಮ್ಮಡಿಯಲ್ಲಿ ಬೊಬ್ಬೆ. ಎರಡನೇ ಸಲ ಜಾಣತನ ಮಾಡಿ ನೆರಳು, ಕುರ್ಚಿ ಇರುವ ಟಿಕೆಟ್ ಕೊಂಡೆ, ಮಾಮೂಲಿಗಿಂತ ಹೆಚ್ಚುಕಮ್ಮಿ ಆರು ಪಟ್ಟು. ಹದಿನೆಂಟನೇ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಎದುರು ಕೂತರೆ ಗುಂಪು ಬರೋದು ಕಾಲು ಗಂಟೆಗೊಂದು, ಅಷ್ಟರಲ್ಲಿ ಅಮೆಚೂರ್‌ಗಳಲ್ಲಿ ಅರ್ಧ ಜನ ಆ ಹೋಲ್ ಕೈಬಿಟ್ಟು ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡಿರ್ತಾರೆ. ಆ ದುಡ್ಡಲ್ಲಿ ವೆಜ್ ಅನ್ನೋ ಒಂದು ಒಳ್ಳೇ ಗಾಲ್ಫ್ ಕೋಲು ಬರ್ತಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಅಂದಹಾಗೆ ನಾನು ಹೇಳ್ತಿರೋದು ಟೂರ್ನಿಗೆ ಮುಂಚಿನ, ಸಾಮಾನ್ಯವಾಗಿ ಬುಧವಾರದ ಪ್ರೋ-ಆಮ್. ಅಮೆರಿಕದ ಪೆಬಲ್ ಬೀಚ್ ಥರದ್ದಲ್ಲ. ಅಲ್ಲಿ ಅಮೆಚೂರ್‌ಗಳು ಟೂರ್ನಿಯೊಳಗೇ ಆಡ್ತಾರೆ, 1937ರಲ್ಲಿ ಗಾಯಕ-ನಟ ಬಿಂಗ್ ಕ್ರಾಸ್ಬಿ ಶುರು ಮಾಡಿದ ಆಟ ಅದು. ಪ್ರೋಗೆ ಸ್ಕೋರಿನ ತಲೆಬಿಸಿ ಇಲ್ಲದ ದಿನ ಮಾತ್ರ ನನ್ನ ದಾರಿ ಕೆಲಸ ಮಾಡುತ್ತದೆ.

ಮೂರನೇ ಸಲ ಅತಿ ಅಗ್ಗದ ಟಿಕೆಟ್, ಹಳೇ ಶೂ, ಒಂದು ಸಣ್ಣ ಬೈನಾಕ್ಯುಲರ್, ಇಷ್ಟೇ. ಬೆಳಗಿನ ಗುಂಪುಗಳ ಪಟ್ಟಿ ನೋಡಿ, ಹಿಂದೆ ಯಾರೂ ಹೋಗದ ಪ್ರೋ ಒಬ್ಬನನ್ನ ಹಿಡಿದೆ. ಹೇಗೆ ಆರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಗುಂಪಿನ ಜೊತೆ ನಡೆಯಲಿಲ್ಲ, ಯಾವಾಗಲೂ ಒಂದು ಹೊಡೆತ ಮುಂದಿದ್ದೆ. ಅವರು ಟೀ (ಮೊದಲ ಹೊಡೆತದ ಜಾಗ) ಮೇಲಿದ್ದರೆ ನಾನು ಚೆಂಡು ಬೀಳುವ ಕಡೆ, ಅವರು ನಡುವಿನ ಹುಲ್ಲುಹಾದಿ ಫೇರ್‌ವೇಗೆ ಬಂದರೆ ನಾನು ಗ್ರೀನ್ ಹಿಂದೆ. ಬಲಗೈ ಅಮೆಚೂರ್‌ಗಳ ಚೆಂಡು ಬಲಕ್ಕೆ ಜಾರೋದೇ ಜಾಸ್ತಿ, ಎಡಗಡೆ ಹಗ್ಗದ ಹತ್ತಿರ ನಿಲ್ಲಿ. ನಾನಿದನ್ನ ಕಲಿತದ್ದು ಯಾರೋ "ಫೋರ್" (ಚೆಂಡು ಬರ್ತಿದೆ, ಹುಷಾರು) ಅಂತ ಕಿರುಚಿ, ಚೆಂಡು ನನ್ನ ಚೀಲದ ಪಕ್ಕ ಧೊಪ್ಪಂತ ಬಿದ್ದಾಗ.

ನಡುವೆ ಹೊತ್ತು ಹೋಗಲಿ ಅಂತ ಗಡಿಯಾರ ಹಿಡಿದೆ. ಒಂದು ಹೊಡೆತಕ್ಕೆ 40 ಸೆಕೆಂಡ್ ಸಾಕು ಅನ್ನುತ್ತದೆ ನಿಯಮ. ಪ್ರೋ ಇಪ್ಪತ್ತೈದರ ಆಸುಪಾಸು. ಒಬ್ಬ ಅಮೆಚೂರ್ ಸುಮ್ನೆ ಗಾಳಿಗೆ ಬೀಸಿ ಬೀಸಿ ಎಪ್ಪತ್ತು ದಾಟಿಸಿದ. ಕಣ್ಣು ಮುಚ್ಚಿ ಬರೀ ಸದ್ದಿನಿಂದ ಹೊಡೆದದ್ದು ಯಾರು ಅಂತ ಹೇಳೋದನ್ನೂ ಮಾಡಿದೆ, ಹತ್ತಕ್ಕೆ ಎಂಟು ಸರಿ! ಅವತ್ತು ಸುತ್ತು ಮುಗಿಯೋಕೆ ಆರು ಗಂಟೆ ಹತ್ತಿರ ಹಿಡಿಯಿತು, ಪುರುಸೊತ್ತು ಬೇಕಾದಷ್ಟಿತ್ತು.

ಏಳನೇ ಗ್ರೀನ್‌ನಲ್ಲಿ ನನ್ನ ದುಡ್ಡು ವಾಪಸ್ ಬಂತು. ಅಮೆಚೂರ್‌ಗಳು ಮುಂದಿನ ಟೀಗೆ ಹೊರಟರೂ ಪ್ರೋ ಅಲ್ಲೇ ಉಳಿದ. ಮುಂದಿನ ದಿನಗಳಲ್ಲಿ ಪಿನ್ (ಹೋಲ್‌ನ ಬಾವುಟ) ಬರಬಹುದಾದ ಮೂಲೆಗಳಲ್ಲಿ ಅವನ ಚೀಲ ಹೊರುವ ಕ್ಯಾಡಿ ಒಂದೊಂದು ಟೀ (ಚೆಂಡು ಇಡುವ ಪುಟ್ಟ ಗೂಟ) ಇಟ್ಟ. ಪ್ರೋ ಅವತ್ತಿನ ಹೋಲ್ ಕಡೆ ತಿರುಗಿಯೂ ನೋಡದೆ ಆ ಟೀಗಳಿಗೇ ಚೆಂಡು ಉರುಳಿಸಿದ. ಹಿಂದಿನ ಎಡ ಮೂಲೆಗೆ ಹೋದ ಮೂರು ಚೆಂಡೂ ಕೊನೇ ಎರಡು ಅಡಿಯಲ್ಲಿ ಕೊಳದ ಕಡೆ ವಾಲಿದವು, ನನ್ನ ಕಣ್ಣಿಗೆ ಆ ಜಾಗ ಸಪಾಟಾಗೇ ಕಾಣ್ತಿತ್ತು. "ನೀರು ಎಳೀತಿದೆ, ಬರ್ಕೋ" ಅಂದ ಪ್ರೋ. ಕ್ಯಾಡಿ ಪುಸ್ತಕದಲ್ಲಿ ಬಾಣ ಹಾಕಿದ್ದು ಕಾಣುವಷ್ಟು ಹತ್ತಿರ ನಾನಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಪ್ರೇಕ್ಷಕ ಇಲ್ಲ.

ಭಾನುವಾರ ಗೆಳೆಯರ ಜೊತೆ ಟಿವಿ ಮುಂದೆ ಕೂತಿದ್ದೆ. ಏಳನೇದರ ಪಿನ್ ಅದೇ ಮೂಲೆಯಲ್ಲಿ. ಇನ್ಯಾವನೋ ಪಟ್ ಮಾಡೋಕೆ (ಹೋಲ್‌ಗೆ ಚೆಂಡು ಉರುಳಿಸೋಕೆ) ಬಗ್ಗಿದ. "ಕೊಳದ ಕಡೆ ಹೋಗುತ್ತೆ ನೋಡ್ರೋ" ಅಂದೆ. ಹೋಯಿತು. ಕೇಡು ಅಂದಿದ್ದವನು ಒಂದು ಗಳಿಗೆ ಮಾತಾಡಲಿಲ್ಲ, ಆಮೇಲೆ ಮುಂದಿನ ಸಲ ಯಾವ ಗುಂಪಿನ ಹಿಂದೆ ಹೋಗೋಣ ಅಂತ ಕೇಳಿದ. ಮೊದಲು ಟಿಕೆಟ್ ತೆಗೆಸು ಅಂದಿದ್ದೀನಿ.