ಮಕ್ಕಳ ಪಿತ್ತನಾಳದ ಕಾಯಿಲೆ: ಜಿಜಿಟಿ ನೋಡಿ ದಾರಿ ಹಿಡಿಯುವುದು

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಕಾಮಾಲೆ ಮಗು ನನ್ನ ಕೈಗೆ ಬರುವಷ್ಟರಲ್ಲಿ ಮನೆಯಲ್ಲಿ ನೆಲನೆಲ್ಲಿ ಅರೆದು ಕುಡಿಸಿ ಆಗಿರುತ್ತದೆ. ಅದಕ್ಕೆ ಬೈದು ಪ್ರಯೋಜನವಿಲ್ಲ. ನಾನು ಮಲದ ಬಣ್ಣ ಕೇಳುತ್ತೇನೆ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ ಕಣ್ಣಾರೆ ನೋಡುತ್ತೇನೆ. ಹುಟ್ಟಿ 14 ದಿನ ಕಳೆದರೂ ಹಳದಿ ಇಳಿಯದ ಶಿಶುವಿಗೆ ಡೈರೆಕ್ಟ್ ಬಿಲಿರುಬಿನ್ (ಯಕೃತ್ತು ಸಂಸ್ಕರಿಸಿದ ಹಳದಿ ವರ್ಣದ್ರವ್ಯ) ಪರೀಕ್ಷೆ ಆಗಲೇಬೇಕು. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿ, ಮಲ ಸುಣ್ಣದಂತೆ ಬಿಳಿಚಿದ್ದರೆ ಜೀನ್ ಪರೀಕ್ಷೆಗೆ ಕಾಯುವಂತಿಲ್ಲ. ಬಿಲಿಯರಿ ಅಟ್ರೇಸಿಯಾ (ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ) ಎಂದೇ ಹಿಡಿದು ಗಡಿಯ ತಲಪಾಡಿ ದಾಟಿಸಿ ಮಂಗಳೂರಿನತ್ತ ಕಳಿಸುತ್ತೇನೆ. ಕರುಳನ್ನು ನೇರ ಯಕೃತ್ತಿಗೆ ಜೋಡಿಸುವ ಕಾಸಾಯ್ ಶಸ್ತ್ರಕ್ರಿಯೆ 60 ದಿನದೊಳಗೆ ಆದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು.

ಉಳಿದವರಲ್ಲಿ ದಾರಿ ತೋರುವುದು ಜಿಜಿಟಿ, ಅಂದರೆ ಪಿತ್ತನಾಳ ಕೆಟ್ಟಾಗ ರಕ್ತದಲ್ಲಿ ಏರುವ ಒಂದು ಕಿಣ್ವ. ನವಜಾತ ಶಿಶುವಿನಲ್ಲಿ ಅದು ಸಹಜವಾಗಿಯೇ ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ವರದಿಯ ಬದಿಯಲ್ಲಿ ಅಚ್ಚಾದ ದೊಡ್ಡವರ ಮಿತಿ ಉಪಯೋಗಕ್ಕಿಲ್ಲ. ಕಾಮಾಲೆಯಿದ್ದೂ ಜಿಜಿಟಿ ಏರದಿದ್ದರೆ ಎಟಿಪಿ8ಬಿ1 ಅಥವಾ ಎಬಿಸಿಬಿ11 ಜೀನಿನ ದೋಷವಿರಬಹುದು, ಇಲ್ಲವೇ ಪಿತ್ತಾಮ್ಲದ ತಯಾರಿಯಲ್ಲೇ ತೊಡಕು. ಮೊದಲೆರಡರಲ್ಲಿ ರಕ್ತದ ಪಿತ್ತಾಮ್ಲ ವಿಪರೀತ ಏರಿರುತ್ತದೆ, ಕೊನೆಯದರಲ್ಲಿ ತೀರ ಕಡಿಮೆ. ಈ ರಕ್ತವನ್ನು ಪಿತ್ತ ಹರಿಯಲೆಂದು ಕೊಡುವ ಉರ್ಸೋ ಔಷಧ ಶುರುಮಾಡುವ ಮುಂಚೆಯೇ ತೆಗೆದಿಡಬೇಕು. ಉರ್ಸೋ ಕೂಡ ಪಿತ್ತಾಮ್ಲವೇ, ಸೇರಿಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಜಿಜಿಟಿ ಏರಿದ್ದರೆ ಎಬಿಸಿಬಿ4 ಜೀನಿನ ದೋಷ, ಇಲ್ಲವೇ ಹೃದಯ, ಮೂಳೆ, ಕಣ್ಣಿಗೂ ತಗಲುವ ಹುಟ್ಟುಕಾಯಿಲೆ ಅಲಜಿಲ್. ಅಲಜಿಲ್‌ಗೆ ಹೃದಯದ ಎಕೋ, ಬೆನ್ನುಮೂಳೆಯ ಎಕ್ಸ್‌ರೇ, ಕಣ್ಣಿನ ಪರೀಕ್ಷೆ ಮಾಡಿಸಿದರೆ ಬಹಳಷ್ಟು ಗೊತ್ತಾಗುತ್ತದೆ.

ಸೋದರಿಕೆಯ ಮದುವೆಯೇ ಎಂದು ಎಲ್ಲರೂ ಕೇಳುತ್ತಾರೆ. ಬಸುರಿಯಾಗಿದ್ದಾಗ ತಾಯಿಗೆ ಅಂಗೈ ಅಂಗಾಲು ತುರಿಕೆ ಇತ್ತೇ, ಮನೆಯಲ್ಲಿ 40 ತುಂಬುವ ಮೊದಲೇ ಪಿತ್ತಕಲ್ಲು ಆದವರಿದ್ದಾರೆಯೇ ಎಂದು ಕೇಳುವವರು ಕಡಿಮೆ. ಎರಡೂ ಎಬಿಸಿಬಿ4 ಕಡೆ ಬೆರಳು ಮಾಡುತ್ತವೆ. ಜೀನ್ ಪರೀಕ್ಷೆಗೆ ಮಗುವಿನ ಜತೆ ತಂದೆತಾಯಿಯ ರಕ್ತವನ್ನೂ, ತಲಾ 2–3 ಮಿಲಿ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಅದೇ ದಿನ ತೆಗೆಸುತ್ತೇನೆ. ಒಂದೇ ಜೀನಿನಲ್ಲಿ ಎರಡು ಬದಲಾವಣೆ ಸಿಕ್ಕಾಗ ಅವು ಇಬ್ಬರಿಂದ ಒಂದೊಂದು ಬಂದವೋ, ಒಬ್ಬರಿಂದಲೇ ಎರಡೂ ಬಂದವೋ ತಿಳಿಯದೆ ವರದಿಗೆ ಬೆಲೆಯಿಲ್ಲ.

ಶಾಲೆಗೆ ಹೋಗುವ ವಯಸ್ಸಿನವರದು ಬೇರೆ ಕತೆ. ಪಿತ್ತನಾಳದ ಇನ್ನೊಂದು ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ ಬೆಳೆಯುವ ಮೂಳೆಯಿಂದಲೇ ಏರಿರುವುದರಿಂದ ಅದನ್ನು ನಂಬಲಾಗದು. ಎಎನ್‌ಎ, ಎಸ್‌ಎಂಎ ಎಂಬ ಪ್ರತಿಕಾಯಗಳು (ದೇಹ ತನ್ನ ಮೇಲೆಯೇ ತಿರುಗಿಬಿದ್ದದ್ದರ ಗುರುತು) ಮಕ್ಕಳಲ್ಲಿ ರಕ್ತವನ್ನು ತೆಳುಮಾಡಿದ ಪ್ರಮಾಣ 1:20 ಇದ್ದಾಗಲೇ ಲೆಕ್ಕಕ್ಕೆ ಬರುತ್ತವೆ, ಎಲ್‌ಕೆಎಂ 1:10ಕ್ಕೆ. 1:80ರಿಂದ ಶುರುಮಾಡುವ ಲ್ಯಾಬ್ ‘ನೆಗೆಟಿವ್’ ಎಂದು ಬರೆದುಕೊಡುತ್ತದೆ. ಫೋನ್ ಮಾಡಿ ಕೇಳುವುದೇ ಲೇಸು. ಆಟೋಇಮ್ಯೂನ್ ಹೆಪಟೈಟಿಸ್ ಎಂದು ಹಣೆಪಟ್ಟಿ ಹಚ್ಚಿ ಸ್ಟೀರಾಯ್ಡ್ ಕೊಟ್ಟಾಗ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಇಳಿದು ಜಿಜಿಟಿ ಇಳಿಯದಿದ್ದರೆ ಪಿತ್ತನಾಳವೂ ಸಿಕ್ಕಿಬಿದ್ದಿದೆ ಎಂದೇ ಅನುಮಾನಿಸಬೇಕು. ನಾನಂತೂ ಅಲ್ಲಿವರೆಗೆ ಕಾಯದೆ ಆರಂಭದಲ್ಲೇ ಪಿತ್ತನಾಳ ತೋರಿಸುವ ಸ್ಕ್ಯಾನ್ ಆದ ಎಂಆರ್‌ಸಿಪಿ ಬರೆಯುತ್ತೇನೆ. ಭೇದಿ, ರಕ್ತ ಏನೂ ಇಲ್ಲದಿದ್ದರೂ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಬೇಕು. ಕರುಳಿನ ಉರಿಯೂತ ಸದ್ದಿಲ್ಲದೆ ಜತೆಗಿರಬಹುದು.

ಆಟೋಇಮ್ಯೂನ್ ಕಾಯಿಲೆಯಲ್ಲಿ ಏರಿರಬೇಕಾದ ಐಜಿಜಿ (ರಕ್ತದ ಮುಖ್ಯ ಪ್ರತಿಕಾಯ) ಇಳಿದಿದ್ದರೆ ಸ್ಟೀರಾಯ್ಡ್ ಬರೆಯುವ ಕೈ ಅಲ್ಲೇ ನಿಲ್ಲಬೇಕು. ಹುಡುಗ, ಮತ್ತೆ ಮತ್ತೆ ನ್ಯುಮೋನಿಯಾ, ಈಗ ಪಿತ್ತನಾಳ ದಪ್ಪಗಾಗಿದೆ ಎಂದರೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕುಗ್ಗಿಸುವ ಸಿಡಿ40 ಲಿಗಂಡ್ ಕೊರತೆ ಹುಡುಕುತ್ತೇನೆ. ಅಲ್ಲಿ ನಾಳ ಕೆಡಿಸುವುದು ಹೆಚ್ಚಾಗಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ. ಸಾಮಾನ್ಯ ಮಲಪರೀಕ್ಷೆಯಲ್ಲಿ ಅದು ಕಾಣದು; ಆಸಿಡ್‌ಫಾಸ್ಟ್ ಬಣ್ಣ ಹಾಕಿಸಿ ಎಂದು ಚೀಟಿಯಲ್ಲೇ ಬರೆಯಬೇಕು. ಗುಡ್ಡ ಕೊರೆದ ಸುರಂಗದ ನೀರಿರಲಿ, ಬಾವಿ ನೀರಿರಲಿ, ಬ್ಲೀಚಿಂಗ್ ಪೌಡರಿಗೆ ಅದು ಜಗ್ಗುವುದಿಲ್ಲ, ಕುದಿಸಿಯೇ ಕೊಡಬೇಕು. ಅಂಥ ಹುಡುಗನಿಗೆ ಯಕೃತ್ತಿನ ಕಸಿ ಒಂದನ್ನೇ ಮಾಡಿದರೆ ಹೊಸ ಯಕೃತ್ತಿಗೂ ಸೋಂಕು ಹತ್ತಬಹುದು. ಮೂಲ ಕೊರತೆಯನ್ನು ಸರಿಪಡಿಸುವ ಅಸ್ಥಿಮಜ್ಜೆ ಕಸಿಯ ಮಾತನ್ನೂ ಮನೆಯವರ ಜತೆ ಮೊದಲೇ ಆಡಿರಬೇಕು.