ಈ ಪಲ್ಸಾರ್ ಆ ಅವಶೇಷದ್ದೇನಾ? ಮನೆಯಲ್ಲೇ ಕೂತು ನೋಡುವುದು ಹೇಗೆ

ಆಟಿ ತಿಂಗಳಲ್ಲಿ ನಮ್ಮ ಕುಂಬಳೆ ಕಡೆ ಒಂದು ನಕ್ಷತ್ರ ಕಂಡರೆ ಪುಣ್ಯ. ದೊಡ್ಡ ನಕ್ಷತ್ರ ಸ್ಫೋಟಿಸಿದಾಗ ಚದುರಿದ ಅನಿಲದ ಮೋಡವೇ ಅವಶೇಷ; ಉಳಿದ ಗಟ್ಟಿ ತಿರುಳು ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸಿದರೆ ಅದು ಪಲ್ಸಾರ್. ಆದರೆ ಇವೆರಡೂ ಒಂದೇ ಸ್ಫೋಟದವೋ ಎಂದು ನೋಡುವ ಈ ಕೆಲಸಕ್ಕೆ ಆಕಾಶವೇ ಬೇಡ, ಕರೆಂಟ್ ಮತ್ತು ನೆಟ್ ಇದ್ದರೆ ಸಾಕು (ಮಳೆಗಾಲದಲ್ಲಿ ಅದೂ ಕಷ್ಟವೇ ಬಿಡಿ).

ಬ್ರೌಸರಿನಲ್ಲಿ ಅಲಾದಿನ್ ಎಂಬ ಆಕಾಶದ ನಕ್ಷೆ ತೆರೆದು ಕ್ರ್ಯಾಬ್ ನೆಬ್ಯುಲಾ ಎಂಬ ಅವಶೇಷ ಹುಡುಕಿ, ಟಿಜಿಎಸ್‌ಎಸ್ ಎಂಬ ರೇಡಿಯೋ ಸಮೀಕ್ಷೆಯ ಚಿತ್ರ ಆರಿಸಿ. ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕದ 30 ಡಿಶ್‌ಗಳು ಸೇರಿ 150 ಮೆಗಾಹರ್ಟ್ಜ್‌ನಲ್ಲಿ ತೆಗೆದದ್ದು ಅದು. ತುಂಬಾ ಅಗಲಕ್ಕೆ ಹರಡಿದ ಮಂಕು ಅವಶೇಷಗಳು ಇಂಥ ಚಿತ್ರದಲ್ಲಿ ಮಾಯವಾಗಿಬಿಡುತ್ತವೆ. ಹಾಗಾಗಿ ಕಾಣಲಿಲ್ಲ ಅಂತ ಬಿಡಬೇಡಿ, ಖಗೋಳವಿಜ್ಞಾನಿ ಗ್ರೀನ್ ಅವರ ಅವಶೇಷಗಳ ಪಟ್ಟಿಯಲ್ಲಿ ಜಾಗ, ಗಾತ್ರ ನೋಡಿಕೊಳ್ಳಿ.

ಆಮೇಲೆ ಎಟಿಎನ್‌ಎಫ್ ಎಂಬ ಆಸ್ಟ್ರೇಲಿಯಾದ ರೇಡಿಯೋ ಖಗೋಳ ಸಂಸ್ಥೆಯ ಪಲ್ಸಾರ್ ಪಟ್ಟಿ. ಅವಶೇಷದ ಒಳಗೆ ಪಲ್ಸಾರ್ ಸಿಕ್ಕ ಕೂಡಲೇ ಕುಣಿಯಬೇಡಿ. ಮಂಗಳೂರು ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ನೆಂಟರಲ್ಲ ಅಲ್ವಾ? ಮೊದಲು ನಮ್ಮಿಂದ ಎರಡಕ್ಕೂ ಇರುವ ದೂರ ಹೊಂದಬೇಕು. ದಾರಿಯಲ್ಲಿರುವ ಎಲೆಕ್ಟ್ರಾನ್‌ಗಳಿಂದಾಗಿ ಪಲ್ಸಾರಿನ ಮಿಡಿತ ಕಡಿಮೆ ಆವರ್ತನದಲ್ಲಿ ತುಸು ತಡವಾಗಿ ಬರುತ್ತದೆ, ಆ ತಡದಿಂದಲೇ ದೂರ ಅಂದಾಜು ಮಾಡುತ್ತಾರೆ.

ಇನ್ನು ವಯಸ್ಸು, ಅದೂ ಎರಡಕ್ಕೂ ಹೊಂದಬೇಕು. ಒಂದು ಸುತ್ತಿನ ಸಮಯವನ್ನು, ಅದು ನಿಧಾನವಾಗುವ ದರದ ಎರಡರಷ್ಟರಿಂದ ಭಾಗಿಸಿ. ಕ್ರ್ಯಾಬ್‌ನ ಪಲ್ಸಾರಿಗೆ ಒಂದು ಸುತ್ತು 0.0334 ಸೆಕೆಂಡ್, ದರ 4.2×10⁻¹³. ಬಂದ ಸೆಕೆಂಡ್‌ಗಳನ್ನು ವರ್ಷಕ್ಕೆ ತಿರುಗಿಸಿದರೆ ಸುಮಾರು 1,260 ವರ್ಷ. ಆದರೆ ಆ ಸ್ಫೋಟವನ್ನು ಚೀನಾದವರು ನೋಡಿ ಬರೆದಿಟ್ಟದ್ದು 1054ರಲ್ಲಿ! ಸಾವಿರ ವರ್ಷವೂ ಆಗಿಲ್ಲ. ಹುಟ್ಟುವಾಗ ಪಲ್ಸಾರ್ ಈಗಿನದಕ್ಕಿಂತ ತೀರಾ ಜೋರಾಗಿ ತಿರುಗುತ್ತಿತ್ತು ಎಂದು ಸೂತ್ರ ಸುಮ್ನೆ ನಂಬಿಕೊಳ್ಳುತ್ತದೆ, ಎಡವಟ್ಟು ಅಲ್ಲೇ.

ಕೊನೆಗೆ ವೇಗ. ಅವಶೇಷದ ನಡುವಿನಿಂದ ಪಲ್ಸಾರ್ ಎಷ್ಟು ದೂರ ಸರಿದಿದೆಯೋ ಅದನ್ನು ವಯಸ್ಸಿನಿಂದ ಭಾಗಿಸಿ. ಸೆಕೆಂಡಿಗೆ ಕೆಲವು ನೂರು ಕಿಲೋಮೀಟರ್ ಬಂದರೆ ಸಹಜ. 400 ಕಿ.ಮೀ. ವೇಗದಲ್ಲಿ 10,000 ವರ್ಷಕ್ಕೆ ಸುಮಾರು 13 ಜ್ಯೋತಿರ್ವರ್ಷ. ಸಾವಿರಗಟ್ಟಲೆ ಬಂದರೆ ನನಗಂತೂ ಅನುಮಾನ.

ಎಸ್ 147 ಎಂಬ ಅವಶೇಷದ ಮೇಲೂ ಕೈಯಾಡಿಸಿ, ಪಾಠ ಕಲಿಸುವುದು ಅದೇ. ಅಲ್ಲಿನ ಪಲ್ಸಾರಿಗೆ ಸೂತ್ರ ಕೊಡುವ ವಯಸ್ಸು ಸುಮಾರು 6 ಲಕ್ಷ ವರ್ಷ. ಅಷ್ಟು ಕಾಲ ಅವಶೇಷ ಉಳಿಯುವುದಿಲ್ಲ, ಆದ್ದರಿಂದ ಸಂಬಂಧವಿಲ್ಲ ಎಂದು ಬಿಟ್ಟುಬಿಡಬೇಕು ಅನಿಸುತ್ತದೆ. ಆದರೆ ಪಲ್ಸಾರ್ ಆಕಾಶದಲ್ಲಿ ಸರಿಯುವುದನ್ನು ರೇಡಿಯೋದಲ್ಲಿ ಅಳೆದು ಹಿಂದಕ್ಕೆ ಎಳೆದರೆ ಗೆರೆ ನೇರ ಅವಶೇಷದ ನಡುವಿಗೇ ಹೋಗುತ್ತದೆ, ಅದೂ ಬರೀ 30ರಿಂದ 40 ಸಾವಿರ ವರ್ಷದಲ್ಲಿ. ಅಂದರೆ ಅದು ಹುಟ್ಟಿದಾಗಲೇ ಹೆಚ್ಚುಕಡಿಮೆ ಈಗಿನಷ್ಟೇ ನಿಧಾನವಾಗಿ ತಿರುಗುತ್ತಿತ್ತು.