ಹೃದಯಕ್ಕೆ ಹಿತವಾದ ಊಟ: ಅಳತೆ ಶುರುವಾಗಬೇಕಾದದ್ದು ಅಡುಗೆಮನೆಯಲ್ಲಿ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಜನರು ತಪಾಸಣೆಗಾಗಿ ಸಾಲುಗಟ್ಟಿ ನಿಂತರು. ತಪಾಸಣೆ ಬೇಕಾದದ್ದೇ. ಆದರೆ ಒಂದು ಇಸಿಜಿ ಹೇಳುವುದು ಆ ಹೊತ್ತಿನ ಸ್ಥಿತಿಯನ್ನು ಮಾತ್ರ. ರಕ್ತನಾಳಗಳನ್ನು ವರ್ಷಗಟ್ಟಲೆ ಒಳಗೊಳಗೇ ಕೆಡಿಸುವ ರಕ್ತದೊತ್ತಡ, ಕೊಲೆಸ್ಟ್ರಾಲ್ ಮತ್ತು ಸಕ್ಕರೆ ಕಾಯಿಲೆ ಈ ಮೂರರ ಮೇಲೂ ನಾವು ದಿನವೂ ಉಣ್ಣುವ ಊಟದ ಪ್ರಭಾವವಿದೆ. ಅದನ್ನು ಸರಿಪಡಿಸಿಕೊಳ್ಳಲು ಓಟ್ಸ್ ಅಥವಾ ಆಲಿವ್ ಎಣ್ಣೆಯನ್ನೇ ತರಬೇಕೆಂದಿಲ್ಲ. ಹೃದಯಕ್ಕೆ ಬೇಕಾದ ಪದಾರ್ಥಗಳೆಲ್ಲ ನಮ್ಮ ಅಡುಗೆಯಲ್ಲೇ ಇವೆ. ತಪ್ಪಿರುವುದು ಅವುಗಳ ಅಳತೆ.

ಮೊದಲು ಉಪ್ಪನ್ನು ಅಳೆಯಿರಿ. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚದಷ್ಟನ್ನೂ ಮೀರದ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಚಟ್ನಿ, ಮಜ್ಜಿಗೆಗಳಲ್ಲಿ ಹಂಚಿಹೋಗುವ ಉಪ್ಪನ್ನು ತಟ್ಟೆಯಲ್ಲಿ ಲೆಕ್ಕ ಹಾಕುವುದು ಕಷ್ಟವಾದ್ದರಿಂದ, ಪ್ಯಾಕೆಟ್ಟಿನ ಲೆಕ್ಕ ಹಿಡಿಯುವುದೇ ಸುಲಭ. ಹೊಸ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಕು ಬರೆದಿಡಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಮಿನಂತೆ ಒಂದು ಕಿಲೋ ಉಪ್ಪು 50 ದಿನ ಬರಬೇಕು; ಹೊರಗಿನಿಂದ ತರುವ ಬಿಸ್ಕತ್ತು, ಹಪ್ಪಳ, ಉಪ್ಪಿನಕಾಯಿಗಳ ಉಪ್ಪೂ ಇದರೊಳಗೇ ಸೇರಬೇಕಾದ್ದರಿಂದ ಎರಡು ತಿಂಗಳು ಬಂದರೆ ಇನ್ನೂ ಒಳ್ಳೆಯದು. ಒಂದೇ ತಿಂಗಳಿಗೆ ಪ್ಯಾಕೆಟ್ ಬರಿದಾದರೆ, ಹೊರಗಿನದನ್ನು ಬಿಟ್ಟೇ ತಲೆಗೆ 8 ಗ್ರಾಮಿಗಿಂತ ಹೆಚ್ಚು ಉಪ್ಪು ಹೋಗುತ್ತಿದೆ ಎಂದು ತಿಳಿಯಿರಿ.

ಉಪ್ಪನ್ನು ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ಮನೆಯವರು ಊಟವನ್ನೇ ಒಲ್ಲೆನೆನ್ನುತ್ತಾರೆ. ರುಚಿಗೆ ಅಗತ್ಯವಿಲ್ಲದ ಕಡೆಯಿಂದ ಶುರುಮಾಡಿ: ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಯ ಎಸರಿಗೆ ಉಪ್ಪು ಹಾಕುವುದನ್ನು ಮೊದಲು ಬಿಡಿ. ಸಾರು ಪಲ್ಯಗಳಲ್ಲಿ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ, ಆ ಜಾಗದಲ್ಲಿ ಹುಣಸೆ, ನಿಂಬೆ, ಪುನರ್ಪುಳಿಯ ಹುಳಿಯನ್ನೋ ಜೀರಿಗೆ, ಮೆಣಸು, ಬೆಳ್ಳುಳ್ಳಿಯ ಘಾಟನ್ನೋ ತುಸು ಹೆಚ್ಚಿಸಿದರೆ, ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆಗಳು ದಿನನಿತ್ಯದ ಸಾಲಿನಿಂದ ಹಬ್ಬದ ಸಾಲಿಗೆ ಹೋಗಲಿ. ಉಪ್ಪಿನಲ್ಲಿ ರಕ್ತದೊತ್ತಡ ಏರಿಸುವ ಅಂಶವಾದ ಸೋಡಿಯಂ ಅಡುಗೆ ಸೋಡಾದಲ್ಲೂ ಇದೆ. ಪೊಟ್ಟಣದ ತಿಂಡಿಗಳ ಮೇಲೆ ಸೋಡಿಯಂ ಪ್ರಮಾಣ ಮಿಲಿಗ್ರಾಮಿನಲ್ಲಿ ಅಚ್ಚಾಗಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು ಎಂದು ಲೆಕ್ಕ ಹಿಡಿಯಿರಿ. ಸೈಂಧವ ಲವಣ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಿ ಧಾರಾಳವಾಗಿ ಬಳಸುವವರಿದ್ದಾರೆ, ಆದರೆ ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುವುದರಿಂದ, ಮೂತ್ರಪಿಂಡದ ತೊಂದರೆಯಿರುವವರು ಮತ್ತು ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಎಣ್ಣೆಗೂ ಇಂಥದೇ ಲೆಕ್ಕ ಸಾಧ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ಅದು ಸುಮಾರು ಆರು ಟೀ ಚಮಚ. ನಾಲ್ವರ ಮನೆಯಲ್ಲಿ ಬೆಳಿಗ್ಗೆಯೇ ಇಪ್ಪತ್ನಾಲ್ಕು ಚಮಚ, ಅಂದರೆ 120 ಮಿಲಿಲೀಟರ್ ಎಣ್ಣೆಯನ್ನು ಚಿಕ್ಕ ಬಟ್ಟಲಿಗೆ ಹಾಕಿಟ್ಟುಕೊಂಡು, ದಿನದ ಒಗ್ಗರಣೆ, ದೋಸೆ, ಪಲ್ಯ ಎಲ್ಲವನ್ನೂ ಅದರಲ್ಲೇ ಮುಗಿಸಿ ನೋಡಿ. ತುಪ್ಪ ಬಡಿಸುವುದಾದರೆ ಅಷ್ಟು ಎಣ್ಣೆಯನ್ನು ಮೊದಲೇ ಕಡಿಮೆ ಮಾಡಿಕೊಳ್ಳಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಕೈಗೆ ಅಳತೆ ತಿಳಿಯುವುದಿಲ್ಲ, ಚಮಚಕ್ಕೆ ತಿಳಿಯುತ್ತದೆ.

ಯಾವ ಎಣ್ಣೆ ಎಂಬ ಪ್ರಶ್ನೆಗಿಂತ ಎಷ್ಟು ಎಂಬ ಪ್ರಶ್ನೆಯೇ ದೊಡ್ಡದೆಂದು ನನ್ನ ದೃಢವಾದ ಅಭಿಪ್ರಾಯ. ಆದರೂ ವ್ಯತ್ಯಾಸ ಇಲ್ಲದಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇಕಡಾ 90ರ ಆಸುಪಾಸು, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬಿದ್ದು, ಅದು ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ, ಅಕ್ಕಿತೌಡಿನ ಎಣ್ಣೆಗಳಲ್ಲಿ ಇದು ಬಹಳ ಕಡಿಮೆ. ಇವನ್ನು ಬದಲಾಯಿಸುತ್ತಾ ಬಳಸಬಹುದು. ಎಲ್ಲಕ್ಕಿಂತ ಕೆಟ್ಟದ್ದು ವನಸ್ಪತಿಯಲ್ಲಿರುತ್ತಿದ್ದ ಟ್ರಾನ್ಸ್ ಕೊಬ್ಬು. 2022ರ ಜನವರಿಯಿಂದ ಅದಕ್ಕೆ ಶೇಕಡಾ 2ರ ಮಿತಿ ಜಾರಿಯಲ್ಲಿದೆಯಾದರೂ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲೂ ಅದು ಹುಟ್ಟಿಕೊಳ್ಳುವುದರಿಂದ, ಬಜ್ಜಿ ಬೋಂಡಾ ಕರಿದು ಕಪ್ಪಾದ ಎಣ್ಣೆಯನ್ನು ಮರುದಿನದ ಒಗ್ಗರಣೆಗೆ ಎತ್ತಿಡುವ ರೂಢಿಯನ್ನು ಬಿಡಬೇಕು.

ಇನ್ನು ತಟ್ಟೆಯ ವಿಷಯ. ಮೇಲಿನ ಮಾರ್ಗಸೂಚಿಯಂತೆ ದಿನಕ್ಕೆ ಅಕ್ಕಿ, ರಾಗಿ, ಜೋಳ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ ಇರಬೇಕು. ಮೊಟ್ಟೆ ಮಾಂಸ ತಿನ್ನುವವರಿಗೆ ಅದೂ ಈ ಬೇಳೆಕಾಳಿನ ಪಾಲಿನಲ್ಲೇ ಸೇರುತ್ತದೆ. ನಾಲ್ವರಿಗೆ ದಿನಕ್ಕೆ ಒಂದೂವರೆ ಕಿಲೋ ಮೀರಿದ ತರಕಾರಿ ಎಂದಾಗ ಅನೇಕರು ಹೌಹಾರುತ್ತಾರೆ, ಏಕೆಂದರೆ ನಮ್ಮ ಊಟದಲ್ಲಿ ಅನ್ನವೇ ರಾಶಿ, ಪಲ್ಯ ಮೂಲೆಯಲ್ಲೊಂದು ಚಮಚ. ಈ ಅನುಪಾತವನ್ನು ತಿರುಗಿಸಲು ಹಳೇ ಮೈಸೂರು ಸೀಮೆಯ ಬಸ್ಸಾರಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅಲಸಂದೆಯನ್ನೋ ಹೆಸರುಕಾಳನ್ನೋ ದಂಟು, ಹರಿವೆಯಂಥ ಸೊಪ್ಪಿನ ಜೊತೆ ಬೇಯಿಸಿ, ನೀರನ್ನು ಬಸಿದುಕೊಂಡು, ಬೆಂದದ್ದರಲ್ಲಿ ಒಂದು ಹಿಡಿಯನ್ನು ಹುಣಸೆ, ಜೀರಿಗೆ, ಬೆಳ್ಳುಳ್ಳಿ, ಸಾರಿನ ಪುಡಿ ಮತ್ತು ಸ್ವಲ್ಪವೇ ಕಾಯಿತುರಿಯೊಂದಿಗೆ ರುಬ್ಬಿ ಬಸಿದ ನೀರಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ನೀರಿನ ಸತ್ತ್ವವೂ ಚರಂಡಿಗೆ ಹೋಗುವುದಿಲ್ಲ. ಬೇಯಿಸುವಾಗ ಹಾಕಿದ ಉಪ್ಪು ಸಾರಿಗೂ ಪಲ್ಯಕ್ಕೂ ಹಂಚಿಹೋಗಿರುತ್ತದೆಯಾದ್ದರಿಂದ, ರುಚಿ ನೋಡದೆ ಎರಡನೆಯ ಸಲ ಉಪ್ಪು ಹಾಕಬೇಡಿ.

ಇಂಥ ಊಟದಿಂದ ಲಾಭವಾಗುವ ಬಗೆ ಹೀಗೆ: ಕಾಳು, ಸೊಪ್ಪು, ಮೆಂತ್ಯಗಳಲ್ಲಿನ ಕರಗುವ ನಾರು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಹಾಕುತ್ತದೆ, ಅವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಧಾನ್ಯದ ಆಯ್ಕೆಯಲ್ಲೂ ನಾರಿನ ವ್ಯತ್ಯಾಸ ದೊಡ್ಡದು. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿನಷ್ಟೂ ಇರದ ನಾರು, ರಾಗಿಯಲ್ಲಿ 11 ಗ್ರಾಂ ಇದೆ. ಎರಡು ಹೊತ್ತಿನ ಅನ್ನದಲ್ಲಿ ಒಂದು ಹೊತ್ತಿಗೆ ಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ತಂದರೆ ಸಾಕು, ಆದರೆ ಮುದ್ದೆ ಉಂಡ ಮೇಲೆ ಎಂದಿನಷ್ಟೇ ಅನ್ನವನ್ನೂ ಉಣ್ಣಬಾರದು.

ಮೀನು ತಿನ್ನುವವರಿಗೆ ಕರಾವಳಿಯ ಭೂತಾಯಿ ಮತ್ತು ಬಂಗುಡೆ ಒಮೆಗಾ-3 ಕೊಬ್ಬಿನ ಅಗ್ಗದ, ಉತ್ತಮ ಮೂಲ. ವಾರಕ್ಕೆರಡು ಸಲ ಕರಿಯದೆ ಸಾರು ಮಾಡಿ ಉಣ್ಣಬಹುದು. ಒಣಮೀನಿನಲ್ಲಿ ಮಾತ್ರ ಉಪ್ಪು ವಿಪರೀತ. ತಿನ್ನದವರಿಗೆ ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿ ಇದೆ. ಅಗಸೆಯನ್ನು ಹುರಿದು ಪುಡಿ ಮಾಡಿಯೇ ಬಳಸಬೇಕು, ಇಡೀ ಕಾಳು ಹಾಗೆಯೇ ಜೀರ್ಣವಾಗದೆ ಹೊರಹೋಗುತ್ತದೆ. ಕಾಫಿ ಟೀಗಳ ಸಕ್ಕರೆಯನ್ನು ಕಡಿಮೆ ಮಾಡಿ. ಬೆಲ್ಲವೂ ಸಕ್ಕರೆಯ ಲೆಕ್ಕವೇ.

ಈಗಾಗಲೇ ಚಿಕಿತ್ಸೆಯಲ್ಲಿರುವವರು ಊಟ ಬದಲಿಸಿದೆವೆಂದು ಮಾತ್ರೆ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಿದರೆ ಅದರ ವಿಟಮಿನ್ ಕೆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಅವರು ಸೊಪ್ಪಿನ ಪ್ರಮಾಣವನ್ನು ದಿನದಿಂದ ದಿನಕ್ಕೆ ಒಂದೇ ತೆರನಾಗಿ ಇಟ್ಟುಕೊಂಡು, ಬದಲಿಸುವ ಮುನ್ನ ವೈದ್ಯರಿಗೆ ಹೇಳಬೇಕು. ಹೃದಯ ವೈಫಲ್ಯದಿಂದಾಗಿ ನೀರಿಗೆ ಮಿತಿ ಹೇಳಿಸಿಕೊಂಡವರು ಸಾರು, ಮಜ್ಜಿಗೆ, ಕಾಫಿ, ಎಳನೀರುಗಳನ್ನೂ ಆ ಮಿತಿಯೊಳಗೇ ಎಣಿಸಬೇಕು.